ಅಮಲೆಂದು ಅವನನ್ನು ಮಲಗಿಸಿಬಿಡುವವರಿದ್ದೆವು

ಕಲಬುರಗಿಯ ವರ್ತುಲ ರಸ್ತೆಯ ಹೋಟೆಲೊಂದು ಪೋರ್ಟ್ ವೈನ್ ರುಚಿ ನೋಡುವ ಸಂಜೆಗೆ ಮತ್ತೆ ಜನರನ್ನು ಕರೆಯುತ್ತಿದೆ ಎಂದು ನಿನ್ನೆ ತಿಳಿಯಿತು. ಕಳೆದ ಸಲ ನಾವು ಆರು ಮಂದಿ ಗೆಳೆಯರು ಹೋಗಿದ್ದೆವು. ಏಳೂವರೆಗೆ ವೈನ್, ಎಂಟೂವರೆಗೆ ಊಟ ಎಂದಿದ್ದರು. ನಡೆದದ್ದನ್ನು ಹೇಳದೆ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ಲೋಟಕ್ಕೆ ಸುರಿಯುತ್ತಿದ್ದಾತ "ಇದೂ ದ್ರಾಕ್ಷಿಯ ವೈನೇ, ಸ್ವಲ್ಪ ಸಿಹಿ ಅಷ್ಟೆ" ಎಂದ. ನಾವು ನಂಬಿದೆವು. ಪೋರ್ಟ್ ಅಷ್ಟು ಸಾಧು ವೈನ್ ಅಲ್ಲ ಎಂದು ಆಮೇಲೆ ಓದಿ ತಿಳಿದೆ. ಪೋರ್ಚುಗಲ್ಲಿನ ಡೌರೊ ಕಣಿವೆಯಲ್ಲಿ ದ್ರಾಕ್ಷಿರಸ ಹುದುಗುತ್ತಿರುವಾಗಲೇ, ಸಕ್ಕರೆಯಂಶ ಇನ್ನೂ ಉಳಿದಿರುವಾಗ, ದ್ರಾಕ್ಷಿಯಿಂದಲೇ ಬಟ್ಟಿ ಇಳಿಸಿದ ಕಡು ಮದ್ಯವನ್ನು ಬೆರೆಸಿ ಹುದುಗನ್ನು ನಿಲ್ಲಿಸುತ್ತಾರೆ. ಹಾಗಾಗಿ ಸಿಹಿಯೂ ಉಳಿಯುತ್ತದೆ, ಮದ್ಯಸಾರವೂ ಶೇ 19ರಿಂದ 22ರವರೆಗೆ ಏರುತ್ತದೆ. ಸಾಮಾನ್ಯ ವೈನಿನಲ್ಲಿ ಅದು ಶೇ 12–14ರ ಆಸುಪಾಸು. ಸಿಹಿಯ ಮರೆಯಲ್ಲಿ ಅದರ ಘಾಟು ನಾಲಿಗೆಗೆ ತಿಳಿಯುವುದೇ ಇಲ್ಲ. ಸಾಮಾನ್ಯವಾಗಿ ಊಟದ ಕೊನೆಗೆ ಸಣ್ಣ ಲೋಟದಲ್ಲಿ ಗುಟುಕರಿಸುವ ಇದನ್ನು ನಮಗೆ ಬರಿಹೊಟ್ಟೆಯಲ್ಲಿ ದೊಡ್ಡ ಲೋಟಗಳಲ್ಲಿ ಕೊಟ್ಟರು. ಕೆಂಪು ರೂಬಿ, ಕಂದು ಬಣ್ಣದ ಟಾನಿ ಎಂದು ಐದು ಸುತ್ತು. ತಿನ್ನಲು ಒಂದು ತಟ್ಟೆ ಹುರಿದ ಶೇಂಗಾ.

ನಮ್ಮಲ್ಲಿ ಒಬ್ಬನಿಗೆ ಸಕ್ಕರೆ ಕಾಯಿಲೆ. ಊಟ ಇನ್ನೇನು ಬರುತ್ತದೆ ಎಂದುಕೊಂಡು ಎಂಟೂಕಾಲಿಗೆ ತನ್ನ ಗ್ಲಿಮಿಪಿರೈಡ್ ಮಾತ್ರೆ ನುಂಗಿದ. ಹತ್ತು ದಾಟಿದರೂ ಊಟ ಬರಲಿಲ್ಲ. ಕೇಳಿದಾಗಲೆಲ್ಲ "ರೊಟ್ಟಿ ಬಡಿಯುತ್ತಿದ್ದಾರೆ" ಎಂಬ ಒಂದೇ ಉತ್ತರ.

ಆ ಹೊತ್ತಿಗೆ ಅವನ ಮಾತು ತೊದಲುತ್ತಿತ್ತು. ಅಂಗಿ ಬೆವರಿನಿಂದ ತೊಯ್ದಿತ್ತು. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಬೆವರು ಕಂಡು ಯಾರು ಗಾಬರಿಯಾಗುತ್ತಾರೆ? ಅಮಲೇರಿದೆ ಎಂದುಕೊಂಡೆವು. ವ್ಯವಸ್ಥಾಪಕನೂ ಬಂದು ನೋಡಿ, "ಹೆಚ್ಚಾಗಿದೆ, ಮೇಲೆ ಕೋಣೆ ಖಾಲಿ ಇದೆ, ಮಲಗಿಸಿ" ಎಂದ. ಇಬ್ಬರು ಅವನ ತೋಳು ಹಿಡಿದು ಎಬ್ಬಿಸಿಯೂ ಆಗಿತ್ತು. ಆ ಇಬ್ಬರಲ್ಲಿ ನಾನೂ ಒಬ್ಬ.

ತಡೆದವನು ಕುಡಿಯುವ ಅಭ್ಯಾಸವೇ ಇಲ್ಲದ, ಊಟಕ್ಕೆಂದೇ ಬಂದಿದ್ದ ಇನ್ನೊಬ್ಬ ಗೆಳೆಯ. ಅವನ ತಾಯಿಗೂ ಇದೇ ಕಾಯಿಲೆ. ಕೈ ಮುಟ್ಟಿ ನೋಡಿ, "ಮೈ ತಣ್ಣಗಿದೆ, ಶುಗರ್ ಇಳಿದಿದೆ" ಎಂದು ಕೂಗಿದ. ರೋಗಿಯ ಚೀಲದಲ್ಲೇ ಗ್ಲುಕೋಮೀಟರ್ ಇತ್ತು. ತೋರಿಸಿದ್ದು 48. ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯ. ಇನ್ನೂ ನುಂಗುವಷ್ಟು ಎಚ್ಚರವಿದ್ದುದರಿಂದ ನಾಲ್ಕು ಚಮಚ ಸಕ್ಕರೆ ಕರಗಿಸಿ ಕುಡಿಸಿದೆವು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕುವಂತಿರಲಿಲ್ಲ. ಆಸ್ಪತ್ರೆಗೆ ಕಾರು ಓಡಿಸಿದವನೂ ಕುಡಿಯದ ಆ ಗೆಳೆಯನೇ, ಉಳಿದ ಯಾರೂ ಚಕ್ರ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಈ ಮಾತ್ರೆಯ ಪರಿಣಾಮ ಗಂಟೆಗಟ್ಟಲೆ ಇರುತ್ತದೆ, ಸಕ್ಕರೆ ಏರಿದರೂ ಮತ್ತೆ ಇಳಿಯಬಹುದು ಎಂದು ವೈದ್ಯರು ರಾತ್ರಿಯಿಡೀ ಇರಿಸಿಕೊಂಡರು.

ಸಿಹಿ ವೈನ್ ಕುಡಿದವನಿಗೆ ಸಕ್ಕರೆ ಹೇಗೆ ಇಳಿಯಿತು ಎಂದು ಅವನ ಹೆಂಡತಿ ಕೇಳಿದರು. ಊಟವಿಲ್ಲದ ಹೊತ್ತಿನಲ್ಲಿ ರಕ್ತಕ್ಕೆ ಸಕ್ಕರೆ ಒದಗಿಸುವುದು ಯಕೃತ್ತು, ಮದ್ಯ ಆ ಕೆಲಸಕ್ಕೇ ಅಡ್ಡಿ ಮಾಡುತ್ತದೆ, ಇತ್ತ ಮಾತ್ರೆ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ ಎಂದು ವೈದ್ಯರು ವಿವರಿಸಿದರು. ವೈನಿನ ಸಿಹಿ ಆ ಹೊತ್ತಿಗೆ ಕರಗಿಹೋಗಿತ್ತು. ಕೋಣೆಯಲ್ಲಿ ಮಲಗಿಸಿ ಬಾಗಿಲು ಎಳೆದುಕೊಂಡಿದ್ದರೆ ಬೆಳಿಗ್ಗೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು.

ಮರುದಿನ ಹೋಟೆಲಿಗೆ ಹೋಗಿ, ವೈನಿಗೆ ಮೊದಲೇ ಊಟ ಕೊಡಿ, ಅದರ ಮದ್ಯಸಾರ ಎಷ್ಟೆಂದು ಹೇಳಿ ಸುರಿಯಿರಿ ಎಂದು ಕೇಳಿಕೊಂಡೆ. ಕುಡಿದವರ ಹೊಣೆ ತಮ್ಮದಲ್ಲ ಎಂದರು. ಹೊಸ ಆಹ್ವಾನದಲ್ಲೂ ಊಟದ ಹೊತ್ತು ಎಂಟೂವರೆ ಎಂದೇ ಇದೆ. ಹೋಗುವವರು ಮನೆಯಲ್ಲೇ ಎರಡು ರೊಟ್ಟಿ ತಿಂದು ಹೊರಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ದಯವಿಟ್ಟು ಹೋಗಲೇಬೇಡಿ.