ಕೊಳೆರೋಗದ ಲೆಕ್ಕಕ್ಕೆ ಯಾವ ಮಾಡೆಲ್? ನಾಲ್ಕನ್ನು ಓಡಿಸಿ ನೋಡಿದ ಮೇಲೆ

ಸಾಲು ಕಡಿಮೆ, ಕಾಲಂ ಜಾಸ್ತಿ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ ಕೊಳೆ; ಶಿರಸಿ ಸುತ್ತಲಿನ ತೋಟಗಳಲ್ಲಿ ಅದರಿಂದ ಎಷ್ಟು ನಷ್ಟವಾಗುತ್ತದೆ ಅಂತ ಊಹಿಸುವ ಲೆಕ್ಕ ಹಿಡಿದು ಕೂತರೆ ಮೊದಲ ತಲೆನೋವು ಇದೇ. ಒಂದು ತೋಟದ ಒಂದು ಮಳೆಗಾಲಕ್ಕೆ ಒಂದು ಸಾಲು. ಹಾಗೆ ಲೆಕ್ಕ ಹಾಕಿದರೆ ನನ್ನ ಹತ್ತಿರ ಇರುವುದು ನೂರರ ಆಸುಪಾಸು ಸಾಲು. ಕಾಲಂ ಮಾತ್ರ ಇನ್ನೂರು ದಾಟಿದೆ. ಯಾವ ಮಳೆ ನಕ್ಷತ್ರದಲ್ಲಿ ಎಷ್ಟು ಮಿಲಿಮೀಟರ್ ಬಿತ್ತು, ನಡುವೆ ಎಷ್ಟು ದಿನ ಬಿಸಿಲು ಬಿತ್ತು, ತೇವಾಂಶ, ಇಳಿಜಾರು, ಬಸಿಗಾಲುವೆಯ ಆಳ, ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ ಮದ್ದು) ಯಾವಾಗ ಹೊಡೆದರು, ಎರಡನೇ ಸಲಕ್ಕೆ ಕೊನೆಗೌಡ (ಮರ ಹತ್ತಿ ಮದ್ದು ಹೊಡೆಯುವವ) ಸಿಕ್ಕಿದ್ದು ಯಾವಾಗ. ಈ ಕೊನೆಯದು ಸುಮ್ನೆ ಸೇರಿಸಿದ್ದಲ್ಲ. ತೋಟ ಇರುವವರಿಗೆ ಗೊತ್ತು.

ಮಾಮೂಲಿ ಲೀಸ್ಟ್ ಸ್ಕ್ವೇರ್ಸ್ (ತಪ್ಪಿನ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ ಪ್ರತಿ ಕಾಲಂಗೂ ತೂಕ ಕೊಡುವ ಲೆಕ್ಕ) ಇಲ್ಲಿ ನಡೆಯುವುದಿಲ್ಲ. ಸಾಲಿಗಿಂತ ಕಾಲಂ ಜಾಸ್ತಿ ಇದ್ದರೆ ಉತ್ತರ ಒಂದಲ್ಲ, ಲೆಕ್ಕವಿಲ್ಲದಷ್ಟು. ನಮ್ಮ ಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1945ರಲ್ಲಿ ತೋರಿಸಿದ ಮಿತಿ ನೆನಪಿದೆಯಲ್ವಾ? ಯಾವ ಕಡೆಗೂ ವಾಲದ ಅಂದಾಜು ಬೇಕೆಂದರೆ ಅದರ ಅಲುಗಾಟವನ್ನು (ಡೇಟಾ ಬದಲಾದಂತೆ ಉತ್ತರ ಬದಲಾಗುವುದನ್ನು) ಒಂದು ಮಟ್ಟಕ್ಕಿಂತ ಇಳಿಸಲು ಆಗುವುದಿಲ್ಲ. ಹಾಗಾಗಿ ಈ ಕಾಲದ ವಿಧಾನಗಳು ಸ್ವಲ್ಪ ವಾಲಿದರೂ ಪರವಾಗಿಲ್ಲ, ಅಲುಗಾಟ ಕಡಿಮೆಯಾಗಲಿ ಅನ್ನುತ್ತವೆ. ಎಷ್ಟು ವಾಲಬೇಕು, ಎತ್ತ ವಾಲಬೇಕು ಅನ್ನುವುದರಲ್ಲೇ ಜಗಳ.

ಪರೀಕ್ಷೆ ಎಲ್ಲದಕ್ಕೂ ಒಂದೇ. ಒಂದು ಕಣಿವೆಯ ಎಲ್ಲ ತೋಟಗಳನ್ನೂ ಹೊರಗಿಟ್ಟು, ಉಳಿದವುಗಳಿಂದ ಅವನ್ನು ಊಹಿಸುವುದು.

ಮೊದಲು ಲಾಸೊ. ಕಾಲಂಗಳ ತೂಕ ದೊಡ್ಡದಾದಷ್ಟೂ ದಂಡ ಹಾಕುವ ಲೆಕ್ಕ, ಟಿಬ್ಶಿರಾನಿ 1996ರಲ್ಲಿ ಕೊಟ್ಟದ್ದು. ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ, ಬೇಡದ ಕಾಲಂಗಳನ್ನು ನೇರ ಸೊನ್ನೆಗೆ ಇಳಿಸುತ್ತದೆ. ನೋಡಲು ಚೆಂದ. ಆದರೆ ಪೂರ್ತಿ ಡೇಟಾ ಕೊಟ್ಟಾಗ ಆರ್ದ್ರಾ ಮಳೆಯನ್ನು ಉಳಿಸಿಕೊಂಡು ಪುನರ್ವಸುವನ್ನು ಕೈಬಿಟ್ಟಿತು. ಹುಲೇಕಲ್ ಕಡೆಯ ಒಂದೇ ತೋಟವನ್ನು ತೆಗೆದು ಮತ್ತೆ ಓಡಿಸಿದರೆ ಪುನರ್ವಸು ಒಳಗೆ, ಆರ್ದ್ರಾ ಹೊರಗೆ! ಜೂನ್ ಕೊನೆಗೆ ಜೋರು ಮಳೆಯಾದ ತೋಟದಲ್ಲಿ ಜುಲೈನಲ್ಲೂ ಜೋರೇ. ಎರಡು ಕಾಲಂ ಜೊತೆಜೊತೆಗೆ ಏರಿ ಇಳಿಯುವಾಗ ಲಾಸೊ ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತದೆ. 'ಕೊಳೆಗೆ ಆರ್ದ್ರಾ ಮಳೆಯೇ ಕಾರಣ' ಅಂತ ಇದನ್ನು ನಂಬಿ ಹೇಳಿದರೆ ತೋಟದವರು ನಗುತ್ತಾರೆ. ಲಾಸೊದ್ದೇ ತಮ್ಮನಂತಿರುವ 2005ರ ಎಲಾಸ್ಟಿಕ್ ನೆಟ್ ಈ ವಿಷಯದಲ್ಲಿ ವಾಸಿ, ಜೋಡಿಯನ್ನು ಒಟ್ಟಿಗೆ ಇಟ್ಟುಕೊಳ್ಳುತ್ತದೆ. ಬೇಗ ಒಂದು ಉತ್ತರ ಬೇಕಾದರೆ ನಾನು ಅದನ್ನೇ ಹಾಕುತ್ತೇನೆ.

ರ್‍ಯಾಂಡಮ್ ಫಾರೆಸ್ಟ್ ಬ್ರೈಮನ್ 2001ರಲ್ಲಿ ಬರೆದದ್ದು. 'ಹೌದಾ, ಅಲ್ವಾ' ಅಂತ ಕವಲೊಡೆಯುತ್ತಾ ಹೋಗುವ ನೂರಾರು ಲೆಕ್ಕದ ಮರಗಳನ್ನು ಬೆಳೆಸಿ ಅವುಗಳ ಸರಾಸರಿ ತೆಗೆಯುತ್ತದೆ. ಇದರ ಬಲ ಬೇರೆ. ಬರೀ ಮಳೆಯಿಂದ ಕೊಳೆ ಬರುವುದಿಲ್ಲ. ಮಳೆ, ನಡುವೆ ಬಿಸಿಲು, ಜೊತೆಗೆ ಮೊದಲ ಬೋರ್ಡೋದ ಶಕ್ತಿ ಇಳಿದಿರಬೇಕು. ಈ ಮೂರರ ಕೂಟವನ್ನು ಫಾರೆಸ್ಟ್ ಯಾರೂ ಹೇಳಿಕೊಡದೆ ಹಿಡಿಯಿತು. ಬೋರ್ಡೋ ಹೊಡೆದು ನಲವತ್ತು, ನಲವತ್ತೈದು ದಿನವಾದರೆ ಮತ್ತೆ ಹೊಡೆಯಬೇಕು ಅನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. ಮರಗಳು ಕವಲೊಡೆದದ್ದೂ ಸುಮಾರು ಅಲ್ಲಿಯೇ. ಆದರೆ ಅದು ತನಗೆ ತಾನೇ ಕೊಟ್ಟುಕೊಳ್ಳುವ ಅಂಕವನ್ನು ನಂಬಬೇಡಿ. ಪ್ರತಿ ಮರವೂ ಸುಮಾರು ಶೇ. 37ರಷ್ಟು ಸಾಲುಗಳನ್ನು ನೋಡದೆ ಬೆಳೆಯುತ್ತದೆ, ಅವುಗಳ ಮೇಲೆ ಪರೀಕ್ಷೆ ನಡೆಯುತ್ತದೆ. ಆದರೆ ಆ ಸಾಲುಗಳ ಪಕ್ಕದ ತೋಟ ಕಲಿಕೆಯಲ್ಲೇ ಇರುತ್ತದೆ, ಹಾಗಾಗಿ ಉತ್ತರ ಸುಲಭ. ಇಡೀ ಕಣಿವೆ ಹೊರಗಿಟ್ಟಾಗ ಅಂಕ ದಬಕ್ಕನೆ ಇಳಿಯಿತು. 2019ರ ಆಗಸ್ಟ್ ನೆರೆಯ ವರ್ಷವನ್ನು ಮುಚ್ಚಿಟ್ಟು ಕೇಳಿದರೆ ಇನ್ನೂ ಕಷ್ಟ. ಕಲಿತದ್ದರಲ್ಲಿನ ಅತಿ ದೊಡ್ಡ ನಷ್ಟವನ್ನು ಫಾರೆಸ್ಟ್ ಎಂದೂ ದಾಟುವುದಿಲ್ಲ. ದಾಟಬೇಕಾದ ವರ್ಷ ಅದು.

ಗಾಸಿಯನ್ ಪ್ರೋಸೆಸ್‌ನ ಒಂದು ಬೇರು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿದೆ. 1951ರಲ್ಲಿ ಡ್ಯಾನಿ ಕ್ರಿಗೆ ಮಾಡಿದ ಅಂದಾಜಿನ ಕೆಲಸದಿಂದ ಬೆಳೆದದ್ದು. ಹತ್ತಿರದ ಜಾಗಗಳ ಅಂಕಿಗಳೂ ಹತ್ತಿರ ಇರುತ್ತವೆ ಅಂತ ಹಿಡಿದು ಅಳೆಯದ ಜಾಗವನ್ನು ಅಂದಾಜಿಸುತ್ತದೆ. ದೇವಿಮನೆ ಘಟ್ಟದಿಂದ ಬನವಾಸಿಗೆ ಹೋಗುತ್ತಾ ಮಳೆ ಹೇಗೆ ತೆಳ್ಳಗಾಗುತ್ತದೆ ಅನ್ನುವುದನ್ನು ಇದು ಸೊಗಸಾಗಿ ಹಿಡಿಯುತ್ತದೆ. ತೋಟವೇ ಇಲ್ಲದ ಕಡೆ ಅನುಮಾನದ ಪಟ್ಟಿ ಅಗಲ ಮಾಡಿ 'ಇಲ್ಲಿ ಗ್ಯಾರಂಟಿ ಇಲ್ಲ' ಅನ್ನುತ್ತದೆ. ಇನ್ನೂರು ಕಾಲಂ ಒಟ್ಟಿಗೆ ತುಂಬಿದರೆ ಮಾತ್ರ ಎಲ್ಲ ತೋಟವೂ ಎಲ್ಲದರಿಂದಲೂ ಸಮಾನ ದೂರ, ಏನೂ ಹೇಳುವುದಿಲ್ಲ. ಜಾಗದ ಲೆಕ್ಕಕ್ಕಷ್ಟೇ ಇಟ್ಟುಕೊಳ್ಳಿ.

ನನ್ನ ಮತ ಹಾರ್ಸ್‌ಶೂಗೆ. ಕರ್ವಾಲ್ಯೊ, ಪೋಲ್ಸನ್, ಸ್ಕಾಟ್ 2010ರಲ್ಲಿ ಬರೆದ ಬೇಯೇಸಿಯನ್ ಪ್ರಯರ್, ಅಂದರೆ ಡೇಟಾ ನೋಡುವ ಮೊದಲೇ ತೂಕಗಳ ಬಗ್ಗೆ ಇಟ್ಟುಕೊಳ್ಳುವ ಊಹೆ. ಉತ್ತರ ಒಂದೇ ಅಂಕಿಯಲ್ಲ, ಡೇಟಾಕ್ಕೆ ಹೊಂದುವ ಸಾವಿರಾರು ಸಂಭವನೀಯ ಉತ್ತರಗಳ ರಾಶಿ; ಒಂದೊಂದೂ ಒಂದು ಸ್ಯಾಂಪಲ್. ಸಣ್ಣ ಪರಿಣಾಮಗಳನ್ನು ಸೊನ್ನೆಯ ಹತ್ತಿರ ಅದುಮುತ್ತದೆ, ದೊಡ್ಡದನ್ನು ಮುಟ್ಟದೆ ಬಿಡುತ್ತದೆ. ಸ್ಟ್ಯಾನ್‌ನಲ್ಲಿ (ಇಂಥ ಲೆಕ್ಕದ ಸಾಫ್ಟ್‌ವೇರ್) ಓಡಿಸಿದರೆ ಡೈವರ್ಜೆನ್ಸ್ (ಲೆಕ್ಕ ದಾರಿ ತಪ್ಪುತ್ತಿದೆ) ಅಂತ ಗೊಣಗುತ್ತಲೇ ಇರುತ್ತದೆ. ಲಾಸೊಗೆ ಕ್ಷಣ ಸಾಕಾದರೆ ಇದಕ್ಕೆ ಗಂಟೆಗಳು. ಆದರೂ ಆರ್ದ್ರಾ ಮತ್ತು ಪುನರ್ವಸುವಿನ ಸ್ಯಾಂಪಲ್‌ಗಳನ್ನು ಒಂದು ಹಾಳೆಯಲ್ಲಿ ಚುಕ್ಕಿ ಹಾಕಿ ನೋಡಿ. ಓರೆಯಾಗಿ ಮಲಗಿದ ಒಂದು ತೆಳು ಪಟ್ಟಿ ಕಾಣುತ್ತದೆ. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ, ಕೂಡಿಸಿದ ಮೊತ್ತ ಮಾತ್ರ ಹೆಚ್ಚು ಅಲುಗುವುದಿಲ್ಲ. ಅಂದರೆ ಎರಡೂ ಮಳೆ ಸೇರಿ ಎಷ್ಟು ಹಾಳು ಮಾಡಿದವು ಅಂತ ಹೇಳಬಹುದು, ಯಾವುದು ಮಾಡಿತು ಅಂತ ಈ ಡೇಟಾದಿಂದ ಹೇಳಲು ಬರುವುದಿಲ್ಲ. ಲಾಸೊ ಮುಚ್ಚಿಟ್ಟದ್ದು ಇದನ್ನೇ.

ತೋಟದವರ ಪ್ರಶ್ನೆಗೂ ಈ ರೂಪದ ಉತ್ತರವೇ ಬೇಕು. ಮೂರನೇ ಸಲ ಹೊಡೆಸಬೇಕಾ? ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಮೇಲೆ ಕೊನೆಗೌಡನ ಕೂಲಿ. ಆ ಖರ್ಚಿಗಿಂತ ನಷ್ಟ ಜಾಸ್ತಿಯಾಗುವ ಸಂಭವ ಎಷ್ಟು ಅಂತ ಹಾರ್ಸ್‌ಶೂ ಸ್ಯಾಂಪಲ್‌ಗಳಿಂದ ನೇರ ಎಣಿಸಬಹುದು. ಈಗ ಅದೇ ಮಾಡೆಲ್‌ಗೆ ಜಾಗದ ಲೆಕ್ಕಕ್ಕೆ ಗಾಸಿಯನ್ ಪ್ರೋಸೆಸ್ ಜೋಡಿಸಿದ್ದೇನೆ. ಓಡುವುದು ಇನ್ನೂ ನಿಧಾನ. ಮಳೆಗಾಲದಲ್ಲಿ ಇಲ್ಲಿನ ಕರೆಂಟ್ ನಂಬಿ ಇದನ್ನು ಶುರು ಮಾಡಬೇಡಿ.