120 ರೂಪಾಯಿಯ ಬಟನ್ ಗುಲಾಬಿ: ಗಿಡ ಚೆನ್ನಾಗಿದೆ, ಮಣ್ಣು ಬೇಡ

ಜನವರಿಯಲ್ಲಿ ನಮ್ಮ ಏರಿಯಾದ ನರ್ಸರಿಯಿಂದ ಎರಡು ಬಟನ್ ಗುಲಾಬಿ ತಂದೆ. ಗೇಣುದ್ದದ ಗಿಡ, ಹತ್ತು ರೂಪಾಯಿ ನಾಣ್ಯದಷ್ಟು ಹೂವು, ಗೊಂಚಲಿಗೆ ಐದಾರು. ನಮ್ಮ ಪುಟ್ಟ ಬಾಲ್ಕನಿಗೆ ಹೇಳಿ ಮಾಡಿಸಿದ ಹಾಗಿದೆ.

ಕವರ್ ಬಿಚ್ಚಿದರೆ ಬೇರಿನ ಸುತ್ತ ಬರೀ ಜಿಗುಟು ಕೆಂಪು ಮಣ್ಣು. ಒಣಗಿದರೆ ಇಟ್ಟಿಗೆ. ಹಾಗೇ ಕುಂಡಕ್ಕಿಟ್ಟ ಮೊದಲನೆಯದು ನೀರು ನಿಂತು, ಎಲೆ ಹಳದಿಯಾಗಿ ಸತ್ತೇಹೋಯಿತು. ಎರಡನೆಯದನ್ನು ಬಕೆಟ್ ನೀರಲ್ಲಿ ಅದ್ದಿ, ಬೆರಳಲ್ಲೇ ಮೆಲ್ಲಗೆ ಅರ್ಧ ಮಣ್ಣು ಬಿಡಿಸಿದೆ. 8 ಇಂಚಿನ ಕುಂಡ, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಬಾಡಿದ ಹೂ ಕತ್ತರಿಸುತ್ತಿದ್ದರೆ ಸಾಕು, ಮತ್ತೆ ಮತ್ತೆ ಮೊಗ್ಗು. ಬೇಸಿಗೆಯಲ್ಲಿ ಎಲೆಯಡಿ ನುಸಿ ಬಂತು, ಜೋರಾಗಿ ನೀರು ಹೊಡೆದೆ.

ಮಣ್ಣಿನ ಬಗ್ಗೆ ಕೇಳಿದ್ದಕ್ಕೆ ನರ್ಸರಿಯವರು, "ಎಲ್ಲರೂ ಹೀಗೇ ತಗೊಂಡು ಹೋಗ್ತಾರೆ ಮೇಡಂ" ಅಂದರು. ಆಮೇಲೆ ಇನ್ನೊಂದು ತಗೊಳ್ಳೋಕೆ ಬರ್ತಾರೆ, ಅಲ್ವಾ?