ಮರದ ಗೋಡೆಗೆ ಬಾಲ್ಕನಿ ಹಿಡಿದಿರುವ ಸ್ಕ್ರೂ: ಕೆಲವು ವರ್ಷಗಳ ಬಳಕೆಯ ನಂತರ

ಸಿಯಾಟಲ್ ಸುತ್ತಮುತ್ತ ಸ್ವಂತ ಮನೆ ಮಾಡಿಕೊಂಡಿರುವ ಕನ್ನಡಿಗರು ತುಂಬಾ ಜನ ಇದ್ದೀರಿ. ಬಾಲ್ಕನಿ ಕಟ್ಟಿಸುವ ಮಾತು ಬಂದರೆ ಹಲಗೆ ಯಾವುದು, ರೇಲಿಂಗ್ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಗೋಡೆಗೆ ಹಿಡಿದು ನಿಲ್ಲಿಸುವುದು ಯಾವುದು ಅಂತ ಕೇಳುವವರು ಕಡಿಮೆ. ನಾನು ಬಳಸಿದ್ದು ಸಿಂಪ್ಸನ್ ಸ್ಟ್ರಾಂಗ್-ಟೈ ಕಂಪನಿಯ ಎಸ್‌ಡಿಡಬ್ಲ್ಯುಎಸ್ ಟಿಂಬರ್ ಸ್ಕ್ರೂ, 4 ಇಂಚಿನದು. ಹಲವು ಮಳೆಗಾಲ ನೋಡಿದ ಮೇಲೆ 5ಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಬೆಲೆಗೆ.

ಮೊದಲು ಗೋಡೆಯ ವಿಷಯ. ಇಲ್ಲಿನ ಮನೆಯ ಗೋಡೆ ಹೊರಗಿನಿಂದ ನೋಡಿದರೆ ಗಟ್ಟಿ ಮರ ಅನ್ನಿಸುತ್ತದೆ. ಆದರೆ ಹೊರಗೆ ಕಾಣುವ ಸೈಡಿಂಗ್ ಬರೀ ಹೊದಿಕೆ. ಅದರ ಹಿಂದೆ ಸುಮಾರು ಅರ್ಧ ಇಂಚಿನ ಶೀಟ್. ಅದರ ಹಿಂದೆ 16 ಇಂಚಿಗೊಂದು ನಿಲುವು ಮರ. ನಮ್ಮ ಮಲೆನಾಡಿನ ಹಳೇ ಮನೆಯ ದಪ್ಪ ಕಂಬ, ತೊಲೆ ಇಲ್ಲಿಲ್ಲ. ಮೇಲಿನ ಮಹಡಿಯ ಜಂತೆಗಳ ತುದಿಯನ್ನು ಸುತ್ತಲೂ ಕಟ್ಟಿರುವ ಒಂದೂವರೆ ಇಂಚಿನ ಹಲಗೆ ಇರುತ್ತದೆ. ಅದನ್ನು ರಿಮ್ ಅನ್ನುತ್ತಾರೆ. ಬಾಲ್ಕನಿಯ ಭಾರ ಹೊರಲು ಆ ಗೋಡೆಯಲ್ಲಿ ನಂಬಬಹುದಾದ ಜಾಗ ಅದೇ. ಸೈಡಿಂಗ್ ತೆಗೆದು, ಲೆಡ್ಜರ್ ಅನ್ನುವ ಅಡ್ಡ ಹಲಗೆಯನ್ನು ರಿಮ್‌ಗೆ ಬಿಗಿಯಬೇಕು. ಇಟ್ಟಿಗೆ ಹೊದಿಕೆಯ ಮನೆಯಾದರೆ ಇಟ್ಟಿಗೆ ಮೇಲೆ ಲೆಡ್ಜರ್ ಕೂರಿಸಲು ಇಲ್ಲಿನ ಕಟ್ಟಡ ನಿಯಮ ಬಿಡುವುದಿಲ್ಲ. ಅಲ್ಲಿ ಬಾಲ್ಕನಿಗೆ ಎರಡೂ ಕಡೆ ಕಂಬ ಕೊಟ್ಟು, ಮನೆಗೆ ತಾಗಿಸದೆ ನಿಲ್ಲಿಸುವುದೇ ಸರಿ.

ಭಾರ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ನಿಯಮದ ಪ್ರಕಾರ ಚದರ ಅಡಿಗೆ ಜನ, ಸಾಮಾನು ಸೇರಿ 40 ಪೌಂಡ್, ಮರದ ತೂಕ ಸುಮಾರು 10 ಪೌಂಡ್. 16 ಅಡಿ ಉದ್ದ, 10 ಅಡಿ ಅಗಲದ ಬಾಲ್ಕನಿಗೆ ಒಟ್ಟು 8,000 ಪೌಂಡ್. ಅರ್ಧ ಹೊರಗಿನ ಕಂಬಗಳಿಗೆ ಹೋಗುತ್ತದೆ. ಉಳಿದ ಅರ್ಧ, ಅಂದರೆ ಸುಮಾರು 1,800 ಕೆ.ಜಿ., ಗೋಡೆಯ ಸ್ಕ್ರೂಗಳ ಮೇಲೆ. ಅದಕ್ಕೇ ಈ ಕೆಲಸಕ್ಕೆ ಮೊಳೆ ಬೇಡವೇ ಬೇಡ. ಮೊಳೆ ಹೊರಕ್ಕೆ ಎಳೆತ ಬಿದ್ದರೆ ಜಾರಿ ಬರುತ್ತದೆ. ಹಲಗೆ ಹಾಸಲು ಬಳಸುವ ಮಾಮೂಲಿ ಡೆಕ್ ಸ್ಕ್ರೂ ಕೂಡ ಬೇಡ.

ನನ್ನ ಮುಂದೆ ಇದ್ದದ್ದು ಮೂರು ದಾರಿ. ಅರ್ಧ ಇಂಚಿನ ಬೋಲ್ಟ್ ಆರಪಾರ ಹಾಕಿ ಒಳಗಿನಿಂದ ನಟ್ ಬಿಗಿಯುವುದು ಎಲ್ಲಕ್ಕಿಂತ ಗಟ್ಟಿ. ಆದರೆ ಒಳಗೆ ಕೈ ಹೋಗಬೇಕಲ್ವಾ? ನಮ್ಮ ಮನೆಯಲ್ಲಿ ಅಲ್ಲಿ ಕೆಳಗಿನ ಹಾಲ್‌ನ ಸೀಲಿಂಗ್ ಮುಚ್ಚಿತ್ತು. ಎರಡನೆಯದು ಅರ್ಧ ಇಂಚಿನ ಲ್ಯಾಗ್ ಸ್ಕ್ರೂ, ಅಂದರೆ ಬೋಲ್ಟಿನಂಥ ತಲೆ ಇರುವ ದಪ್ಪ ಸ್ಕ್ರೂ. 10 ಅಡಿ ಜಂತೆಗೆ 18 ಇಂಚಿಗೊಂದರಂತೆ ಹಾಕಿದರೆ ಸಾಕು, ಅಗ್ಗವೂ ಹೌದು. ಆದರೆ ಪ್ರತಿಯೊಂದಕ್ಕೂ ಎರಡು ಅಳತೆಯ ತೂತು ಬೇಕು. ಲೆಡ್ಜರ್‌ನಲ್ಲಿ ಅರ್ಧ ಇಂಚು, ರಿಮ್‌ನಲ್ಲಿ 5/16 ಇಂಚು. ಒಳಗಿನ ತೂತು ದೊಡ್ಡದಾದರೆ ಹಿಡಿತ ಇಲ್ಲ, ಚಿಕ್ಕದಾದರೆ ಮರ ಸೀಳುತ್ತದೆ. ಅವಸರದ ಕೆಲಸಗಾರರು ಲ್ಯಾಗ್ ಸ್ಕ್ರೂವನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸುವುದೂ ಉಂಟು. ಆಮೇಲೆ ಹೊರಗಿನಿಂದ ನೋಡಿ ಅದನ್ನು ಕಂಡುಹಿಡಿಯಲು ಆಗುವುದೇ ಇಲ್ಲ.

ಮೂರನೆಯದು ಈ ಸ್ಕ್ರೂ. ತೂತು ಕೊರೆಯಬೇಕಿಲ್ಲ, ತುದಿ ತಾನೇ ಮರ ಕೊರೆದುಕೊಂಡು ಹೋಗುತ್ತದೆ. ತಲೆ ಅಗಲವಾಗಿದೆ, ಬೇರೆ ವಾಷರ್ ಬೇಡ. ಒಂದೂವರೆ ಇಂಚು ಲೆಡ್ಜರ್, ಅರ್ಧ ಇಂಚು ಶೀಟ್, ಒಂದೂವರೆ ಇಂಚು ರಿಮ್ ದಾಟಿ 4 ಇಂಚಿನ ಸ್ಕ್ರೂ ಒಳಗೆ ಅರ್ಧ ಇಂಚು ಹೊರಬರುತ್ತದೆ. ಹಾಗೆ ಬರಲೇಬೇಕು. ನನಗೆ ಜಾಸ್ತಿ ಇಷ್ಟವಾದದ್ದು ತಲೆಯ ಮೇಲೆ ಉದ್ದ ಅಚ್ಚೊತ್ತಿರುವುದು. ಪರಿಶೀಲನೆಗೆ ಬಂದ ಇನ್‌ಸ್ಪೆಕ್ಟರ್ ಬರೀ ತಲೆ ನೋಡಿಯೇ ಒಳಗೆ ಎಷ್ಟು ಹೋಗಿದೆ ಅಂತ ತಿಳಿದುಕೊಂಡರು.

ಅಪ್ಪ ಶಿವಮೊಗ್ಗದಿಂದ ಬಂದಿದ್ದಾಗ ಉಳಿದಿದ್ದ ಒಂದು ಸ್ಕ್ರೂ ಕೈಯಲ್ಲಿ ಹಿಡಿದು ನೋಡಿದರು. "ಇಷ್ಟು ಸಪೂರ ಇದೆಯಲ್ಲೋ, ಇದರ ಮೇಲೆ ಅಷ್ಟು ಜನ ನಿಲ್ತಾರಾ?" ಅಂದರು. ಪ್ರಶ್ನೆ ನ್ಯಾಯವಾದದ್ದೇ. ಲ್ಯಾಗ್ 12.7 ಮಿ.ಮೀ. ದಪ್ಪ, ಇದು ಸುಮಾರು 5.6 ಮಿ.ಮೀ. ಆದರೆ ಇದು ಕಾಯಿಸಿ ಗಟ್ಟಿ ಮಾಡಿದ ಉಕ್ಕು. ಜೊತೆಗೆ ಇದನ್ನು ಲ್ಯಾಗ್‌ಗಿಂತ ಹತ್ತಿರ ಹತ್ತಿರ, ಮೇಲೊಂದು ಕೆಳಗೊಂದು ಅಂತ ಎರಡು ಸಾಲಿನಲ್ಲಿ ಹಾಕುತ್ತಾರೆ. ಭಾರ ತುಂಬಾ ಕಡೆ ಹಂಚಿಹೋಗುತ್ತದೆ. ಎಷ್ಟು ಅಂತರ ಅನ್ನುವುದು ಜಂತೆಯ ಉದ್ದದ ಮೇಲಿದೆ. ಕಂಪನಿಯ ಪಟ್ಟಿ ನೋಡಿಯೇ ಗುರುತು ಹಾಕಿ, ಕಣ್ಣಂದಾಜು ಬೇಡ. ಒಂದು ಕಂಪನಿಯ ಪಟ್ಟಿ ಇಟ್ಟುಕೊಂಡು ಇನ್ನೊಂದು ಕಂಪನಿಯ ಸ್ಕ್ರೂ ಹಾಕುವುದಂತೂ ಬೇಡವೇ ಬೇಡ.

ಇನ್ನು ಮಳೆಯ ವಿಷಯ. ಇಲ್ಲಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಜಿಟಿಜಿಟಿ ಮಳೆ, ಮರ ಒಣಗುವುದೇ ಇಲ್ಲ. ಲೆಡ್ಜರ್‌ಗೆ ಬಳಸುವ ಮರಕ್ಕೆ ಹುಳ ಹಿಡಿಯದ ಹಾಗೆ ತಾಮ್ರ ಬೆರೆತ ಔಷಧಿ ಕುಡಿಸಿರುತ್ತಾರೆ. ಆ ತಾಮ್ರ, ನೀರು ಎರಡೂ ಸೇರಿದರೆ ಕಬ್ಬಿಣವನ್ನು ಬೇಗ ತಿನ್ನುತ್ತದೆ. ನಮ್ಮ ಮೆಟ್ಟಿಲು ಕಟ್ಟಿದ ಬೇರೆ ಕೆಲಸಗಾರರು ತೆಳು ಸತುವಿನ ಹೊಳಪು ಲೇಪದ ಬೋಲ್ಟ್ ಹಾಕಿದ್ದರು. ಅವುಗಳಿಂದ ಕಂದು ಬಣ್ಣದ ಗೆರೆ ಇಳಿಯಲು ಶುರುವಾಗಿ ಎಲ್ಲವನ್ನೂ ಬದಲಾಯಿಸಿದ್ದಾಯಿತು. ಅದೇ ಮಳೆಯಲ್ಲಿ, ಅದೇ ಥರದ ಮರದಲ್ಲಿ ಲೆಡ್ಜರ್ ಸ್ಕ್ರೂಗಳ ತಲೆ ಬಣ್ಣ ಮಾಸಿದೆ ಅಷ್ಟೇ, ತುಕ್ಕಿನ ಗೆರೆ ಇಲ್ಲ. ಲೆಡ್ಜರ್ ಮತ್ತು ಗೋಡೆ ನಡುವೆ ಸಂದಿಯೂ ಮೂಡಿಲ್ಲ. ಸಮುದ್ರದ ಉಪ್ಪು ಗಾಳಿ ಬಡಿಯುವ ಮನೆಯಾದರೆ ಈ ಸ್ಕ್ರೂಗಳ ಮೇಲಿನ ಲೇಪವನ್ನು ನೆಚ್ಚಬೇಡಿ, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ತೆಗೆದುಕೊಳ್ಳಿ.

ಸ್ಕ್ರೂ ಎಷ್ಟೇ ಒಳ್ಳೆಯದಿರಲಿ, ಹಿಡಿದಿರುವ ಮರ ಕೊಳೆತರೆ ಏನು ಪ್ರಯೋಜನ? 2015ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬಾಲ್ಕನಿ ಮುರಿದು 6 ಜನ ಯುವಕ ಯುವತಿಯರು ಸತ್ತರು. ಗೋಡೆಯಿಂದ ಹೊರಚಾಚಿದ್ದ ಜಂತೆಗಳು ನೀರು ನಿಂತು ಒಳಗೊಳಗೇ ಕೊಳೆತಿದ್ದವು. ಆಮೇಲೆ 2018ರಲ್ಲಿ ಆ ರಾಜ್ಯದಲ್ಲಿ ಅಪಾರ್ಟ್‌ಮೆಂಟ್‌ಗಳ ಬಾಲ್ಕನಿ ಪರೀಕ್ಷೆ ಕಡ್ಡಾಯ ಮಾಡುವ ಕಾನೂನು ಬಂತು. ಆ ಸುದ್ದಿ ಓದಿದ ಮೇಲೆ ನನಗೆ ಸ್ಕ್ರೂಗಿಂತ ಫ್ಲ್ಯಾಶಿಂಗ್, ಅಂದರೆ ನೀರು ಒಳಗೆ ಇಳಿಯದಂತೆ ತಡೆಯುವ ಹೊದಿಕೆ, ದೊಡ್ಡದಾಗಿ ಕಂಡಿತು. ಲೆಡ್ಜರ್ ಹಿಂದೆ ಅಂಟು ಹಾಳೆ, ಮೇಲೆ ಸೈಡಿಂಗ್ ಒಳಗೆ ಸಿಕ್ಕಿಸಿದ ತಗಡು, ಎರಡೂ ಬೇಕು. ತಗಡು ಅಲ್ಯೂಮಿನಿಯಂ ಆದರೆ ತಾಮ್ರದ ಔಷಧಿಯ ಮರಕ್ಕೆ ನೇರವಾಗಿ ತಾಗಬಾರದು, ಅದೂ ತೂತು ಬೀಳುತ್ತದೆ. ಮಳೆ ನಿಂತ ಮೇಲೆ ನಾನು ಟಾರ್ಚ್ ಹಿಡಿದು ಕೆಳಗಿನಿಂದ ನೋಡುತ್ತೇನೆ. ಸ್ಕ್ರೂಡ್ರೈವರ್ ತುದಿಯಲ್ಲಿ ಮರ ಚುಚ್ಚುತ್ತೇನೆ. ಮೆತ್ತಗೆ ಒಳಗೆ ಹೋದರೆ ಕೊಳೆತ ಶುರುವಾಗಿದೆ ಅಂತಲೇ ಅರ್ಥ.

ಕೊಳ್ಳುವವರಿಗೆ ಇನ್ನೆರಡು ಮಾತು. ಕೆಳಕ್ಕೆ ಬೀಳುವ ಭಾರ ಮಾತ್ರ ಈ ಸ್ಕ್ರೂಗಳ ಲೆಕ್ಕ. ಬಾಲ್ಕನಿ ಗೋಡೆಯಿಂದ ಹೊರಕ್ಕೆ ಎಳೆದುಕೊಳ್ಳದಂತೆ ಟೆನ್ಷನ್ ಟೈ ಅನ್ನುವ ಲೋಹದ ಹಿಡಿಕೆ ಬೇರೆಯೇ ಬೇಕು. 1,500 ಪೌಂಡ್ ಎಳೆತ ತಡೆಯುವಂಥದ್ದು 2 ಕಡೆ, ಇಲ್ಲವೇ 750 ಪೌಂಡ್ ತಡೆಯುವಂಥದ್ದು 4 ಕಡೆ. ರೇಲಿಂಗ್ ಕಂಬಗಳಿಗೂ ಇವೇ ಸ್ಕ್ರೂ ಸಾಕು ಅನ್ನುವವರು ಸಿಗುತ್ತಾರೆ, ಒಪ್ಪಬೇಡಿ. ರೇಲಿಂಗ್ ಮೇಲೆ ಯಾರಾದರೂ ಒರಗಿದರೆ 200 ಪೌಂಡ್ ತಳ್ಳುವಿಕೆ ತಡೆಯಬೇಕು ಅಂತ ನಿಯಮ ಇದೆ. ಅಲ್ಲಿಗೆ ನಾನು ಆರಪಾರದ ಬೋಲ್ಟ್ ಹಾಕಿಸಿದ್ದೇನೆ. ಮರ ಒಣಗಿ ಸೊರಗಿದ ಮೇಲೆ ನಟ್ ಸಡಿಲವಾಗುತ್ತದೆ. ಮೊದಲ ಬೇಸಿಗೆ ಮುಗಿದ ಕೂಡಲೇ ಅವುಗಳನ್ನು ಒಂದು ಸುತ್ತು ಬಿಗಿ ಮಾಡಿಸಿ.